ಮಳೆಗಾಲದ ರಸ್ತೆಗೆ ಕಾರಿನ ಮುಂದೆ ಎಲ್‌ಇಡಿ ದೀಪ: ಮನೆಯಲ್ಲೇ ಮಾಡುವ ಬಗೆ

ಜುಲೈ ತಿಂಗಳಲ್ಲಿ ಕುಮಟಾದಿಂದ ಶಿರಸಿಗೆ ಹೊರಟರೆ ಕತಗಾಲ ದಾಟಿದ ಮೇಲೆ ಬೆಳಕೇ ಬೇರೆ. ದೇವಿಮನೆ ಘಟ್ಟದಲ್ಲಿ ಮಧ್ಯಾಹ್ನವೂ ಸಂಜೆಯ ಹಾಗೆ ಇರುತ್ತದೆ. ಮೇಲೆ ಮೋಡ, ಎರಡೂ ಬದಿ ಕಾಡು, ಗಾಜಿನ ಮೇಲೆ ನೀರು. ಬೂದು ಅಥವಾ ಬೆಳ್ಳಿ ಬಣ್ಣದ ಕಾರು ತಿರುವಿಗೆ ಬಂದು ನಿಂತ ಮೇಲೆಯೇ ಎದುರಿನವರಿಗೆ ಕಾಣುವುದು. ಹಗಲು ಅಲ್ವಾ ಎಂದು ಯಾರೂ ಹೆಡ್‌ಲೈಟ್ ಹಾಕುವುದಿಲ್ಲ. ಹೊಸ ಬೈಕುಗಳಿಗೆ 2017ರ ಏಪ್ರಿಲ್‌ನಿಂದ ಎಂಜಿನ್ ಶುರುವಾದ ಕೂಡಲೇ ದೀಪ ಹತ್ತುವ ನಿಯಮ ಬಂತು. ಹಳೇ ಕಾರುಗಳಿಗೆ ಆ ಅನುಕೂಲ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬಹುದು.

ನಾನು ಕುಮಟಾದಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡು ಬಂದವನು. ಕರಾವಳಿಯಲ್ಲಿ ಸರ್ಕ್ಯೂಟ್ ಕೆಡುವುದು ಹೆಚ್ಚಾಗಿ ಲೆಕ್ಕ ತಪ್ಪಿ ಅಲ್ಲ, ಉಪ್ಪು ಗಾಳಿ ಮತ್ತು ನೀರು ಹೊಕ್ಕು. ಹಾಗಾಗಿ ಇಲ್ಲಿ ಬೆಸುಗೆಗಿಂತ ನೀರು ತಡೆಯುವ ಕೆಲಸದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಇದು ದಾರಿ ನೋಡುವ ದೀಪ ಅಲ್ಲ. ನಮ್ಮ ಗಾಡಿ ಬೇರೆಯವರಿಗೆ ಕಾಣಲಿ ಎಂದು ಹಾಕುವ ಸಣ್ಣ ದೀಪ. ನನ್ನ ಅಕ್ಕನ ಮಗ ಕೇಳಿದ್ದ, "ಮಾವ, ಇಷ್ಟೆಲ್ಲ ಯಾಕೆ? ಹೆಡ್‌ಲೈಟಿಗೇ ಎಲ್‌ಇಡಿ ಬಲ್ಬ್ ಹಾಕಿದ್ರೆ ಆಗೂದಿಲ್ವಾ?" ಆಗುವುದಿಲ್ಲ. ಹ್ಯಾಲೊಜೆನ್ ಹೆಡ್‌ಲೈಟಿನ ಒಳಗಿನ ಕನ್ನಡಿ ಆ ಬಲ್ಬಿನ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹೊರಡುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಚದುರಿ ಮೇಲಕ್ಕೆ ಏಳುತ್ತದೆ. ಘಟ್ಟದ ತಿರುವಿನಲ್ಲಿ ಎದುರಿನ ಚಾಲಕನಿಗೆ ಆ ಕ್ಷಣ ಏನೂ ಕಾಣುವುದಿಲ್ಲ. ಒಂದು ಬದಿ ಬಂಡೆ, ಇನ್ನೊಂದು ಬದಿ ಕಣಿವೆ ಇರುವ ಕಡೆ ಇದು ಸಣ್ಣ ತಪ್ಪಲ್ಲ. 2024ರಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕಲು ಶುರು ಮಾಡಿದಾಗ ನನಗೆ ಖುಷಿಯಾಗಿತ್ತು.

ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಪಟ್ಟಿ ಅಂಟಿಸಿದರೆ ಸಾಕಲ್ಲ ಎಂದು ಇನ್ನು ಕೆಲವರು ಕೇಳುತ್ತಾರೆ. ಅಗ್ಗದ ಪಟ್ಟಿಯ ರೆಸಿಸ್ಟರ್ (ಕರೆಂಟು ಮಿತಿ ಮೀರದಂತೆ ತಡೆಯುವ ಬಿಡಿಭಾಗ) ಸರಿಯಾಗಿ 12 ವೋಲ್ಟಿಗೆ ಲೆಕ್ಕ ಹಾಕಿದ್ದು. ಕಾರಿನ ಬ್ಯಾಟರಿ ಸುಮ್ನೆ ನಿಂತಾಗ ಸುಮಾರು 12.6 ವೋಲ್ಟ್ ಇರುತ್ತದೆ. ಎಂಜಿನ್ ಓಡುವಾಗ 13.8ರಿಂದ 14.5ರವರೆಗೆ ಏರುತ್ತದೆ. ಎರಡು ವೋಲ್ಟ್ ತಾನೆ ಅನಿಸಬಹುದು. ಆದರೆ ಮೂರು ಎಲ್‌ಇಡಿಗೆ 9.6 ವೋಲ್ಟ್ ಹೋದ ಮೇಲೆ ರೆಸಿಸ್ಟರಿಗೆ ಉಳಿಯುವುದು 12ರಲ್ಲಿ 2.4 ವೋಲ್ಟ್, 14.4ರಲ್ಲಿ 4.8 ವೋಲ್ಟ್. ಅಂದರೆ ಕರೆಂಟು ಎರಡು ಪಟ್ಟು. ಪಟ್ಟಿ ಬಿಸಿಯಾಗುತ್ತದೆ, ಒಂದೊಂದೇ ತುಂಡು ಆರುತ್ತದೆ. ಮೇಲಿನ ಸಿಲಿಕಾನ್ ಪದರದ ಅಂಚಿನಲ್ಲಿ ಉಪ್ಪು ನೀರು ಹೊಕ್ಕರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ.

ಈಗ ನಮ್ಮ ಲೆಕ್ಕ. 5 ಮಿಲಿಮೀಟರ್ ಗಾತ್ರದ ಬಿಳಿ ಎಲ್‌ಇಡಿ ತೆಗೆದುಕೊಳ್ಳಿ. ಒಂದಕ್ಕೆ ಸುಮಾರು 3.2 ವೋಲ್ಟ್ ಬೇಕು, ಕರೆಂಟು 20 ಮಿಲಿಆಂಪಿಯರ್ ದಾಟಬಾರದು. ಮೂರನ್ನು ಒಂದರ ಹಿಂದೆ ಒಂದು ಸೇರಿಸಿದರೆ 9.6 ವೋಲ್ಟ್. ಕರೆಂಟಿನ ದಾರಿಯಲ್ಲಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕುತ್ತೇವೆ, ಅದಕ್ಕೆ 0.7. ಎಂಜಿನ್ ಓಡುವಾಗಿನ 14.4ರಿಂದ ಇವೆರಡನ್ನೂ ಕಳೆದರೆ 4.1 ವೋಲ್ಟ್ ಉಳಿಯುತ್ತದೆ. ಅದಕ್ಕೆ 220 ಓಮ್ ರೆಸಿಸ್ಟರ್ ಹಾಕಿದರೆ ಸುಮಾರು 18.6 ಮಿಲಿಆಂಪಿಯರ್ ಹರಿಯುತ್ತದೆ. 220 ಓಮ್ ಅಂದರೆ ಕೆಂಪು, ಕೆಂಪು, ಕಂದು ಪಟ್ಟಿ ಇರುವುದು. ಕಾಲು ವ್ಯಾಟಿನದ್ದು ಧಾರಾಳ ಸಾಕು.

ನಾಲ್ಕು ಎಲ್‌ಇಡಿ ಸಾಲಾಗಿ ಹಾಕಿದರೆ ರೆಸಿಸ್ಟರ್ ಉಳಿಯುತ್ತದಲ್ಲ ಎಂಬ ಆಸೆ ಬೇಡ. ಆಗ ರೆಸಿಸ್ಟರಿಗೆ ಒಂದು ವೋಲ್ಟೂ ಉಳಿಯುವುದಿಲ್ಲ. ಬ್ಯಾಟರಿ ಸ್ವಲ್ಪ ಏರಿಳಿದರೂ ಬೆಳಕು ಒಮ್ಮೆ ಜಾಸ್ತಿ, ಒಮ್ಮೆ ಮಂದ ಆಗುತ್ತಿರುತ್ತದೆ. ಹಾಗೆಯೇ ಎಲ್ಲ ಸಾಲುಗಳಿಗೂ ಸೇರಿ ಒಂದೇ ರೆಸಿಸ್ಟರ್ ಹಾಕಬೇಡಿ. ಒಂದು ಸಾಲು ಆರಿದರೆ ಅದರ ಪಾಲಿನ ಕರೆಂಟು ಉಳಿದವುಗಳ ಮೇಲೆ ಬೀಳುತ್ತದೆ. ಸಾಲಿಗೊಂದು ರೆಸಿಸ್ಟರ್ ಇರಲೇಬೇಕು. ಒಂದು ಬದಿಗೆ ಮೂರರಂತೆ ನಾಲ್ಕು ಸಾಲು, ಒಟ್ಟು 12 ಎಲ್‌ಇಡಿ. ಎರಡೂ ಬದಿ ಸೇರಿದರೆ 150 ಮಿಲಿಆಂಪಿಯರ್ ಅಷ್ಟೇ. ಬ್ಯಾಟರಿಗೆ ಇದು ಭಾರವೇ ಅಲ್ಲ.

ಪೆಟ್ಟಿಗೆಗೆ ಮನೆ ವೈರಿಂಗಿಗೆ ಬಳಸುವ ಪಿವಿಸಿ ಕೇಸಿಂಗ್ ಪಟ್ಟಿ ನನಗೆ ತುಂಬ ಇಷ್ಟ. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಅಲ್ಯೂಮಿನಿಯಂ ಚಂದ ಕಾಣುತ್ತದೆ ನಿಜ. ಆದರೆ ಕಾರವಾರ, ಅಂಕೋಲಾದ ಗಾಳಿಯಲ್ಲಿ ಅದರ ಮೇಲೆ ಬಿಳಿ ಪುಡಿ ಏಳುತ್ತದೆ. ಎಲ್‌ಇಡಿಯ ಕಾಲು ಅದಕ್ಕೆ ತಾಗಿದರೆ ಶಾರ್ಟ್ ಆಗುವ ಭಯ ಬೇರೆ. ಪಿವಿಸಿಗೆ ಎರಡೂ ತೊಂದರೆ ಇಲ್ಲ. ಈ ಎಲ್‌ಇಡಿಗಳು ಅಷ್ಟೊಂದು ಬಿಸಿಯಾಗುವುದೂ ಇಲ್ಲ. ಬಿಸಿಲಿಗೆ ಹಾಳಾಗದಿರಲು ಹೊರಗೆ ಕಪ್ಪು ಪೇಂಟ್ ಬಳಿದರೆ ಆಯಿತು.

20 ಸೆಂಟಿಮೀಟರ್ ಉದ್ದದ ಎರಡು ತುಂಡು ಕತ್ತರಿಸಿ. ಮುಚ್ಚಳದ ಮೇಲೆ ಒಂದೂವರೆ ಸೆಂಟಿಮೀಟರಿಗೆ ಒಂದರಂತೆ 12 ಗುರುತು ಹಾಕಿ 5 ಮಿಲಿಮೀಟರ್ ಡ್ರಿಲ್ಲಿನಲ್ಲಿ ತೂತು ಮಾಡಿ. ಎಲ್‌ಇಡಿ ಒಳಗಿನಿಂದ ಬಿಗಿಯಾಗಿ ಕೂರಬೇಕು, ತಲೆ ಮಾತ್ರ ಹೊರಗೆ ಇಣುಕಬೇಕು. ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿದ ಮೇಲೆ ಗೊತ್ತಾಗದಿದ್ದರೆ ತಲೆಯ ಬುಡದ ಅಂಚು ನೋಡಿ, ಚಪ್ಪಟೆ ಇರುವ ಬದಿ ಮೈನಸ್. ಮೂರು ಮೂರರ ಸಾಲು ಮಾಡಿ, ಒಂದೊಂದು ಸಾಲಿನಲ್ಲೂ ಒಂದರ ಮೈನಸ್ ಮುಂದಿನದರ ಪ್ಲಸ್‌ಗೆ ಸೇರಿಸುತ್ತ ಹೋಗಿ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಕಾಲಿಗೆ ಮೂರು ಸೆಕೆಂಡಿಗಿಂತ ಜಾಸ್ತಿ ಬಿಸಿ ಹಿಡಿಯಬೇಡಿ.

ಪ್ರತಿ ಸಾಲಿನ ಪ್ಲಸ್ ತುದಿಗೆ ಅದರ ರೆಸಿಸ್ಟರ್ ಬೆಸೆಯಿರಿ. ನಾಲ್ಕೂ ರೆಸಿಸ್ಟರುಗಳ ಇನ್ನೊಂದು ತುದಿ ಒಟ್ಟುಗೂಡಿಸಿ ಡಯೋಡಿಗೆ ಕೊಡಿ, ಸಾಲುಗಳ ಮೈನಸ್ ತುದಿಗಳನ್ನು ಸೇರಿಸಿ ಮೈನಸ್ ವೈರಿಗೆ ಕೊಡಿ. ಡಯೋಡಿನ ಬೆಳ್ಳಿ ಗೆರೆ ಎಲ್‌ಇಡಿಗಳ ಕಡೆಗೆ ಇರಲಿ. ಯಾರಾದರೂ ಬ್ಯಾಟರಿ ತಂತಿ ಉಲ್ಟಾ ಕೊಟ್ಟರೂ ದೀಪಕ್ಕೆ ಏನೂ ಆಗುವುದಿಲ್ಲ. ಸಾಧ್ಯವಾದರೆ ಪಿ6ಕೆಇ20ಎ ಎಂಬ ಟಿವಿಎಸ್ ಡಯೋಡನ್ನೂ ಹುಬ್ಬಳ್ಳಿಯಿಂದ ತರಿಸಿ, ಒಳಬರುವ ಪ್ಲಸ್ ಮತ್ತು ಮೈನಸ್ ನಡುವೆ ಗೆರೆಯ ಬದಿ ಪ್ಲಸ್‌ಗೆ ಬರುವಂತೆ ಹಾಕಿ. ಕಾರಿನ ಲೈನಿನಲ್ಲಿ ಆಗಾಗ ಬರುವ ವೋಲ್ಟೇಜ್ ಏಟನ್ನು ಅದು ತಡೆಯುತ್ತದೆ.

ಇನ್ನು ನೀರಿನ ವಿಷಯ. ಪೆಟ್ಟಿಗೆಯ ಸುತ್ತ ಅಂಟು ಹಚ್ಚಿ ಮುಚ್ಚಿದರೆ ನೀರು ಬರುವುದಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಬರುತ್ತದೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಕಣ್ಣಿಗೆ ಕಾಣದ ಸಂದಿನಿಂದ ಹೊರಗೆ ಹೋಗುತ್ತದೆ. ಆಮೇಲೆ ಮಳೆ ಬಿದ್ದು ಪೆಟ್ಟಿಗೆ ತಣ್ಣಗಾದಾಗ ಗಾಳಿ ಕುಗ್ಗಿ, ಅದೇ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಾ ಇದೇ ನಡೆದರೆ ಒಂದು ಮಳೆಗಾಲದಲ್ಲಿ ಒಳಗೆ ನೀರು ನಿಲ್ಲುತ್ತದೆ. ದಾರಿ ಒಂದೇ: ಒಳಗೆ ಗಾಳಿಗೆ ಜಾಗವೇ ಇರಬಾರದು. ಇಡೀ ಪೆಟ್ಟಿಗೆಗೆ ಎಪಾಕ್ಸಿ ತುಂಬಿಸಿ. ಎಲ್‌ಇಡಿಯ ತಲೆಯೂ ಎಪಾಕ್ಸಿಯದ್ದೇ, ಅದು ಮಳೆಯಲ್ಲಿ ನೆನೆದರೆ ಏನೂ ಆಗುವುದಿಲ್ಲ. ಹಾಗಾಗಿ ಮುಂದೆ ಗಾಜು ಬೇಡ, ಗಾಜಿನ ಒಳಗೆ ಮಂಜು ಕಟ್ಟುವ ಕಾಟವೂ ಇಲ್ಲ.

ಮುಚ್ಚಳವನ್ನು ಮಗುಚಿ, ಎಲ್‌ಇಡಿ ತಲೆ ಕೆಳಗೆ ಮಾಡಿ, ಎರಡು ತುದಿಗಳನ್ನು ಎಂ-ಸೀಲ್‌ನಿಂದ ಮುಚ್ಚಿ. ಬೇಗ ಗಟ್ಟಿಯಾಗುವ ಎಪಾಕ್ಸಿ ಬೇಡ, ನಿಧಾನದ್ದು ತನ್ನಿ. ಗಾಳಿ ಗುಳ್ಳೆಗೆ ಏಳಲು ಸಮಯ ಸಿಗುತ್ತದೆ. ಮೊದಲು ಎಲ್‌ಇಡಿ ಕಾಲು ಮುಳುಗುವಷ್ಟು ಹೊಯ್ದು ಬಿಡಿ. ಗಟ್ಟಿಯಾದ ಮೇಲೆ ಇನ್ನೊಂದು ಪದರ ಹೊಯ್ದು, ಕೇಸಿಂಗಿನ ತಳದ ಪಟ್ಟಿ ಒತ್ತಿ ಕೂರಿಸಿ. ಮಳೆಯ ದಿನ ಈ ಕೆಲಸ ಮಾಡಬೇಡಿ, ತೇವ ಸಿಕ್ಕಿಹಾಕಿಕೊಳ್ಳುತ್ತದೆ. ಏಪ್ರಿಲ್, ಮೇ ಒಳ್ಳೆಯದು. ವೈರು ಹೊರಬರುವ ಜಾಗವೇ ಎಲ್ಲಕ್ಕಿಂತ ದುರ್ಬಲ. ಅಲ್ಲಿ ವೈರಿನ ಮೈಯನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ, ಇಲ್ಲದಿದ್ದರೆ ಎಪಾಕ್ಸಿ ಹಿಡಿಯುವುದಿಲ್ಲ.

ಎಲ್ಲಾದರೂ ಸಿಲಿಕಾನ್ ಹಚ್ಚುವುದಾದರೆ ಟ್ಯೂಬ್ ತೆರೆದು ಮೂಸಿ ನೋಡಿ. ವಿನೆಗರ್ ಹಾಗೆ ಹುಳಿ ವಾಸನೆ ಬಂದರೆ ತಾಮ್ರದ ಹತ್ತಿರ ಬಳಸಬೇಡಿ. ಒಣಗುವಾಗ ಅದರಿಂದ ಆಮ್ಲ ಬಿಡುಗಡೆಯಾಗಿ ತಂತಿಯನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ತನ್ನಿ.

ಎಪಾಕ್ಸಿ ಹೊಯ್ಯುವ ಮೊದಲು ಒಂದು ರಾತ್ರಿ ಪೂರ್ತಿ ಬ್ಯಾಟರಿಗೆ ಕೊಟ್ಟು ಉರಿಸಿ ನೋಡಿ. ಹೊಯ್ದ ಮೇಲೆ ರಿಪೇರಿ ಇಲ್ಲ. ಗಟ್ಟಿಯಾದ ಪೆಟ್ಟಿಗೆಯನ್ನು ನೆರಳಿನಲ್ಲಿಟ್ಟು, ತಣ್ಣಗಿರುವಾಗಲೇ ಕೈ ತಾಳುವಷ್ಟು ಬಿಸಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಗುಳ್ಳೆ ಎಲ್ಲಿಂದ ಎದ್ದರೆ ಅಲ್ಲಿ ಸಂದು ಇದೆ.

ಕಾರಿಗೆ ಕೂರಿಸುವಾಗ ಎರಡೂ ದೀಪ ಒಂದೇ ಎತ್ತರದಲ್ಲಿ, ನಡುಗೆರೆಯಿಂದ ಒಂದೇ ದೂರದಲ್ಲಿ ಇರಲಿ. ಹಗಲು ದೀಪಗಳಿಗೆ ವಿಶ್ವಸಂಸ್ಥೆಯ ನಿಯಮದಲ್ಲಿ ನೆಲದಿಂದ 250ರಿಂದ 1500 ಮಿಲಿಮೀಟರ್ ಎತ್ತರ, ಎರಡರ ನಡುವೆ ಕನಿಷ್ಠ 600 ಮಿಲಿಮೀಟರ್ ಅಂತರ ಎಂದಿದೆ. ಅದನ್ನೇ ಪಾಲಿಸಿ. ಹತ್ತಿರ ಹತ್ತಿರ ಹಾಕಿದರೆ ದೂರದಿಂದ ಬೈಕಿನ ಹಾಗೆ ಕಂಡು, ಎದುರಿನವರು ನಮಗೆ ಬಿಡಬೇಕಾದಷ್ಟು ಜಾಗ ಬಿಡುವುದಿಲ್ಲ. ನಂಬರ್ ಪ್ಲೇಟು, ಇಂಡಿಕೇಟರ್, ರೇಡಿಯೇಟರಿಗೆ ಗಾಳಿ ಹೋಗುವ ದಾರಿ ಯಾವುದನ್ನೂ ಮುಚ್ಚಬೇಡಿ.

ಬಣ್ಣ ಬಿಳಿ. ಕೆಂಪು, ನೀಲಿ ಬೇಡವೇ ಬೇಡ, ಮಿಣುಕುವುದೂ ಬೇಡ. ಮಂಜಿಗೆ ಹಳದಿ ಒಳ್ಳೆಯದು ಎಂಬ ಮಾತು ಘಟ್ಟದ ಮೇಲೆ ಎಲ್ಲ ಕಡೆ ಇದೆ. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಮಂಜಿನ ದೀಪ ಕೆಲಸ ಮಾಡುವುದು ಅದು ಕೆಳಗೆ ಇದ್ದು, ಬೆಳಕು ಮೇಲೇಳದಂತೆ ಕತ್ತರಿಸಿರುವುದರಿಂದ.

ವೈರಿಂಗ್ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಹಳದಿ ಹೊದಿಕೆಯ ವೈರು ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದ್ದು. ಕಂಪನಿ ವೈರನ್ನು ಎಲ್ಲೂ ಕತ್ತರಿಸಬೇಡಿ. ಫ್ಯೂಸ್ ಪೆಟ್ಟಿಗೆಯಲ್ಲಿ ಫ್ಯೂಸಿನ ಜಾಗಕ್ಕೇ ಕೂರುವ ಫ್ಯೂಸ್ ಟ್ಯಾಪ್ ಸಿಗುತ್ತದೆ. ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಒಂದು ಫ್ಯೂಸಿಗೆ ಅದನ್ನು ಹಾಕಿ, ನಮ್ಮ ಲೈನಿಗೆ 2 ಆಂಪಿಯರ್ ಫ್ಯೂಸ್ ಇಡಿ.

ರಾತ್ರಿ ಈ ದೀಪ ಆರಬೇಕು. ಅದಕ್ಕೆ ಐದು ಕಾಲಿನ ರಿಲೇ (ಕರೆಂಟು ಕೊಟ್ಟಾಗ ತಾನಾಗಿ ಬದಲಾಗುವ ಸ್ವಿಚ್) ಬೇಕು. ಮೊದಲ ಟ್ಯಾಪಿನ ಲೈನನ್ನು 30ನೇ ಕಾಲಿಗೆ ಕೊಡಿ. 87ಎ ಕಾಲಿನಿಂದ ದೀಪಗಳಿಗೆ ವೈರು ಎಳೆಯಿರಿ. ಪಾರ್ಕಿಂಗ್ ಲೈಟಿನ ಫ್ಯೂಸಿಗೆ ಇನ್ನೊಂದು ಟ್ಯಾಪ್ ಹಾಕಿ ಅದನ್ನು 86ಕ್ಕೆ ಕೊಟ್ಟು, 85ನ್ನೂ ದೀಪಗಳ ಮೈನಸ್ ವೈರುಗಳನ್ನೂ ಅರ್ಥ್ ಮಾಡಿ, ಅಂದರೆ ಕಾರಿನ ಲೋಹದ ಮೈಗೆ ಕೊಡಿ. 87 ಖಾಲಿ ಇರಲಿ, ಮೇಲೆ ಸ್ಲೀವ್ ಹಾಕಿ. ಪಾರ್ಕಿಂಗ್ ಅಥವಾ ಹೆಡ್‌ಲೈಟ್ ಹಾಕಿದ ಕೂಡಲೇ ರಿಲೇ ಎಳೆದುಕೊಂಡು ನಮ್ಮ ದೀಪ ತಾನಾಗಿ ಆರುತ್ತದೆ.

ವೈರು ಎಂಜಿನ್ ಕಡೆಗೆ ಹೋಗುವಾಗ ರಬ್ಬರ್ ಬುಶ್ ಇರುವ ತೂತಿನಿಂದಲೇ ಹೋಗಲಿ. ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಿ, ಶಿರಸಿ, ಸಿದ್ದಾಪುರದ ಕಡೆ ತೋಟದ ಮನೆಯ ಅಂಗಳದಲ್ಲಿ ನಿಲ್ಲುವ ಕಾರಿಗೆ ಇಲಿ ಕಾಟ ತಪ್ಪಿದ್ದಲ್ಲ. ಅರ್ಥ್ ಕೊಡುವ ಬೋಲ್ಟಿನ ಸುತ್ತ ಪೇಂಟ್ ಕೆರೆದು, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಗಾಡಿಯ ಮೂಲ ರೂಪ ಬದಲಿಸಲು ನಿರ್ಬಂಧ ಇದೆ. ಹಾಗಾಗಿ ಬಂಪರ್ ಕೊರೆಯುವ ಮೊದಲೇ ಕಾರವಾರ, ಹೊನ್ನಾವರ ಅಥವಾ ಶಿರಸಿಯ ಆರ್‌ಟಿಓ ಕಚೇರಿಯಲ್ಲಿ ಪೆಟ್ಟಿಗೆ ತೋರಿಸಿ ಕೇಳಿ. ಬೇಡ ಎಂದರೆ ಹಾಕಬೇಡಿ, ಹಗಲಲ್ಲೂ ಲೋ ಬೀಮ್ ಹಾಕಿಕೊಂಡು ಓಡಿಸಿ. ವಾರಂಟಿ ಇರುವ ಹೊಸ ಕಾರಿಗೆ ಈ ಕೆಲಸ ಬೇಡವೇ ಬೇಡ.

ಮಳೆಗಾಲ ಮುಗಿದು ನವರಾತ್ರಿ ಹೊತ್ತಿಗೆ ಒಮ್ಮೆ ಬಾನೆಟ್ ತೆರೆಯಿರಿ. ಅರ್ಥ್ ಬೋಲ್ಟ್ ಬಿಚ್ಚಿ ಒರೆಸಿ, ಮತ್ತೆ ವ್ಯಾಸಲೀನ್ ಹಚ್ಚಿ. ಒಂದು ಬದಿಯ ದೀಪವಷ್ಟೇ ಮಂದವಾಗಿದ್ದರೆ ಮೊದಲು ಆ ಬದಿಯ ಅರ್ಥ್ ನೋಡಿ. ಮೂರು ಮೂರು ಎಲ್‌ಇಡಿ ಒಟ್ಟಿಗೆ ಆರಿದ್ದರೆ ಒಂದು ಸಾಲು ಹೋಗಿದೆ, ಆ ಪೆಟ್ಟಿಗೆಯನ್ನೇ ಹೊಸದು ಮಾಡಿ. ಫ್ಯೂಸ್ ಹಾರುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ. ವೈರು ಎಲ್ಲೋ ಉಜ್ಜಿ ಹೋಗಿದೆ, ಅದನ್ನು ಹುಡುಕಿ.