ಚಳಿಯಲ್ಲಿ ಸೈಕಲ್: ಕಾಲು ಬೆಚ್ಚಗಿಡುವುದು ಹೇಗೆ?

ಚಳಿ ಶುರುವಾದ ಕೂಡಲೇ ಸೈಕಲ್ ತುಳಿಯುವವರು ಮೊದಲು ಹುಡುಕುವುದು ಜಾಕೆಟ್. ಆಮೇಲೆ ಟೋಪಿ, ಗ್ಲೌಸು. ಕಾಲಿಗೆ ಮಾತ್ರ ಬೇಸಿಗೆಯಲ್ಲಿ ಹಾಕಿಕೊಳ್ಳುತ್ತಿದ್ದ ಅದೇ ಚಡ್ಡಿ. ಯಾಕೆ ಅಂತ ಕೇಳಿದರೆ, 'ಕಾಲು ತುಳೀತಾನೇ ಇರುತ್ತಲ್ಲ, ತಾನಾಗೇ ಬಿಸಿಯಾಗುತ್ತೆ ಬಿಡಿ' ಅನ್ನುತ್ತಾರೆ.

ಇದು ಅರ್ಧ ನಿಜ. ತುಳಿಯುವಾಗ ನಮ್ಮ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ಶೇ 20ರಿಂದ 25 ಮಾತ್ರ, ಉಳಿದದ್ದೆಲ್ಲ ಶಾಖವಾಗುತ್ತದೆ. ಅಂದರೆ ಪೆಡಲಿಗೆ 150 ವ್ಯಾಟ್ ಕೊಡುವಾಗ ಮೈಯೊಳಗೆ ಕಡಿಮೆ ಅಂದರೂ 450 ವ್ಯಾಟಿನಷ್ಟು ಬಿಸಿ ಹುಟ್ಟುತ್ತದೆ. ಆದರೆ ಈ ಬಿಸಿ ಹುಟ್ಟುವುದು ತೊಡೆ, ಪೃಷ್ಠ ಮತ್ತು ಮೀನಖಂಡದಲ್ಲಿ. ಗಾಳಿ ಬಂದು ಹೊಡೆಯುವುದು ಮೊಣಕಾಲ ಚಿಪ್ಪಿಗೆ, ಅದರ ಕೆಳಗಿನ ಮೂಳೆಯ ಭಾಗಕ್ಕೆ, ಪಾದದ ತುದಿಗೆ. ಅಲ್ಲಿ ದಪ್ಪ ಸ್ನಾಯುವೂ ಇಲ್ಲ, ಕೊಬ್ಬೂ ಇಲ್ಲ. ಹಾಗಾಗಿ ಕಾಲಿನ ಚಳಿಗೆ ದಪ್ಪ ಬಟ್ಟೆ ಹುಡುಕುವ ಮೊದಲು, ಎದುರುಗಾಳಿ ಎಲ್ಲಿ ಬಡಿಯುತ್ತದೆ ಅಂತ ನೋಡಬೇಕು. ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹಂತ 1: ಉಷ್ಣಾಂಶದ ಜೊತೆ ವೇಗವನ್ನೂ ಲೆಕ್ಕ ಹಾಕಿ

ಫೋನಿನಲ್ಲಿ 10 ಡಿಗ್ರಿ ಅಂತ ತೋರಿಸಿದರೆ ಅದು ನಿಂತವರಿಗೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಅದು ಸುಮಾರು 7 ಡಿಗ್ರಿಯಂತೆ ತಾಗುತ್ತದೆ. 5 ಡಿಗ್ರಿ ಇದ್ದು 30 ಕಿ.ಮೀ. ವೇಗವಿದ್ದರೆ ಸೊನ್ನೆಯ ಹತ್ತಿರ. ಇದು ಗಾಳಿಯೇ ಇಲ್ಲದ ದಿನದ ಲೆಕ್ಕ. ಎದುರುಗಾಳಿ ಇದ್ದರೆ ಅದನ್ನೂ ಸೇರಿಸಿಕೊಳ್ಳಿ. ಗಾಳಿಗೆ ಚಳಿ ಎಷ್ಟು ಹೆಚ್ಚಾಗಿ ತಾಗುತ್ತದೆ ಅಂತ ಹೇಳುವ ಈ ಸೂತ್ರ (ವಿಂಡ್ ಚಿಲ್) ಮಾಡಿರುವುದು ಮುಖದ ಚರ್ಮಕ್ಕೆ, ಆದರೂ ಬರಿ ಕಾಲಿನ ಕಥೆ ಏನು ಅಂತ ಅಂದಾಜು ಸಿಗುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ: ಪೆಡಲ್ ಮೇಲ್ಗಡೆ ಬಂದಾಗ ಪಾದ ಸೈಕಲ್ಲಿಗಿಂತಲೂ ವೇಗವಾಗಿ ಮುಂದೆ ಹೋಗುತ್ತಿರುತ್ತದೆ. ನಿಮಿಷಕ್ಕೆ 90 ಸುತ್ತು ತುಳಿಯುವವರಿಗೆ ಅದು ಗಂಟೆಗೆ 5–6 ಕಿ.ಮೀ.ನಷ್ಟು ಜಾಸ್ತಿ. ಕೆಳಗೆ ಬಂದಾಗ ಅಷ್ಟೇ ಕಡಿಮೆ, ನಿಜ. ಆದರೂ ಮೈಯೆಲ್ಲ ಒಂದೇ ಗಾಳಿಯಲ್ಲಿದ್ದರೆ ಪಾದ ಪ್ರತಿ ಸುತ್ತಿಗೂ ಒಮ್ಮೆ ಗಾಳಿಯನ್ನು ಎದುರು ಹೋಗಿ ಗುದ್ದುತ್ತದೆ.

ನನ್ನ ಲೆಕ್ಕ ಹೀಗಿದೆ, ನಿಮ್ಮ ಮೈಗೆ ತಕ್ಕಂತೆ ಎರಡು ಮೂರು ಡಿಗ್ರಿ ಆಚೀಚೆ ಮಾಡಿಕೊಳ್ಳಿ. 20 ಡಿಗ್ರಿ ಮೇಲಿದ್ದರೆ ಚಡ್ಡಿ ಸಾಕು. 15ರಿಂದ 20ರ ನಡುವೆ ಮೊಣಕಾಲು ಮುಚ್ಚಲಿ. 10ರಿಂದ 15ಕ್ಕೆ ಪೂರ್ತಿ ಕಾಲು ಮುಚ್ಚುವ ತೆಳು ಬಟ್ಟೆ. 5ರಿಂದ 10ಕ್ಕೆ ಒಳಗಡೆ ಮೃದುವಾದ ಫ್ಲೀಸ್ ಇರುವ ಟೈಟ್ಸ್, ಅಂದರೆ ಕಾಲಿಗೆ ಅಂಟಿ ಕೂರುವ ಉದ್ದ ಪ್ಯಾಂಟು. ಅದಕ್ಕಿಂತ ಕೆಳಗೆ ಹೋದರೆ ಮುಂಭಾಗದಲ್ಲಿ ಗಾಳಿ ತಡೆಯುವ ಪದರ ಬೇಕೇ ಬೇಕು. ಮಳೆ ಅಥವಾ ತುಂತುರು ಇದ್ದರೆ ಸುಮ್ನೆ ಒಂದು ಮೆಟ್ಟಿಲು ಕೆಳಗಿಳಿಯಿರಿ, 12 ಡಿಗ್ರಿ ಇದ್ದರೂ 8 ಅಂತಲೇ ಅಂದುಕೊಳ್ಳಿ.

ಹಂತ 2: ಮೊಣಕಾಲು ಮೊದಲು

ಒಂದೇ ಒಂದು ವಸ್ತು ತಗೊಳ್ಳೋಣ ಅಂದುಕೊಂಡಿದ್ದರೆ ಅದು ಕಾಲಿಗೆ ತೋಳಿನಂತೆ ಎಳೆದುಕೊಳ್ಳುವ ವಾರ್ಮರ್ ಆಗಿರಲಿ: ಮೊಣಕಾಲಿಗಾದರೆ ನೀ ವಾರ್ಮರ್, ಪೂರ್ತಿ ಕಾಲಿಗಾದರೆ ಲೆಗ್ ವಾರ್ಮರ್. ಮೊಣಕಾಲ ಮುಂದೆ ಇರುವುದು ಚರ್ಮ, ಚಿಪ್ಪು, ಸ್ನಾಯುರಜ್ಜು, ಅಷ್ಟೇ. ಸ್ನಾಯುರಜ್ಜುಗಳಿಗೆ ರಕ್ತ ಹರಿಯುವುದೇ ಕಡಿಮೆ, ತಣ್ಣಗಾದರೆ ಬಿಗಿಯಾಗುತ್ತವೆ. ಕೀಲಿನೊಳಗೆ ಜಾರಿಕೆ ಕೊಡುವ ದ್ರವವೂ ಚಳಿಗೆ ಸ್ವಲ್ಪ ಮಂದವಾಗುತ್ತದೆ. ಅದರ ಮೇಲೆ ಗಂಟೆಗೆ ಸಾವಿರಾರು ಸಲ ಮೊಣಕಾಲು ಮಡಚಿ ಬಿಡಿಸುತ್ತೇವೆ, ಅಲ್ವಾ? ರೇಸಿಗೆ ತಯಾರಾಗುವವರ ನಡುವೆ 18 ಡಿಗ್ರಿಗಿಂತ ಕೆಳಗಿದ್ದರೆ ಮೊಣಕಾಲು ಮುಚ್ಚಬೇಕು ಅನ್ನುವ ಹಳೆಯ ರೂಢಿಯೇ ಇದೆ. ಸ್ವಲ್ಪ ಅತಿಯಾಯಿತು ಅನ್ನಿಸಬಹುದು, ಆದರೆ ಮೊಣಕಾಲು ಮುಚ್ಚಿದ್ದಕ್ಕೆ ಸೆಕೆಯಾಗಿ ಸೋತವರು ಯಾರೂ ಇಲ್ಲ.

ನೀ ವಾರ್ಮರ್ ತೊಡೆಯ ನಡುವಿನಿಂದ ಮೀನಖಂಡದ ಮೇಲ್ಭಾಗದವರೆಗೆ ಬರುತ್ತದೆ. ಲೆಗ್ ವಾರ್ಮರ್ ಹಿಮ್ಮಡಿಯ ಹತ್ತಿರದವರೆಗೆ. ಎರಡರಲ್ಲಿ ಒಂದು ಅಂದರೆ ನಾನು ಲೆಗ್ ವಾರ್ಮರ್ ಕಡೆ. ಬಿಸಿಲು ಏರಿದರೆ ಕೆಳಗೆ ಜಾರಿಸಿಕೊಳ್ಳಬಹುದು, ಪೂರ್ತಿ ತೆಗೆದರೆ ಜರ್ಸಿಯ ಹಿಂದಿನ ಜೇಬಿನಲ್ಲಿ ಕೂರುತ್ತದೆ. ಬೆಳಿಗ್ಗೆ ಚಳಿ, ಹತ್ತು ಗಂಟೆಗೆ ಬಿಸಿಲು ಅನ್ನುವಂಥ ದಿನಗಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಹಾಕಿಕೊಳ್ಳುವ ಕ್ರಮದಲ್ಲೇ ಹೆಚ್ಚಿನವರು ಎಡವುತ್ತಾರೆ. ಚಡ್ಡಿಯ ಅಂಚು ವಾರ್ಮರಿನ ಮೇಲೆ ಬರಬೇಕು, ಕನಿಷ್ಠ ನಾಲ್ಕು ಬೆರಳಿನಷ್ಟು. ವಾರ್ಮರ್ ಹೊರಗೆ ಬಂದರೆ ಅದು ಜಾರುತ್ತದೆ, ತೊಡೆಯ ಮೇಲೆ ಒಂದು ಪಟ್ಟಿ ಬರಿದಾಗಿ ಅಲ್ಲೇ ಗಾಳಿ ನುಗ್ಗುತ್ತದೆ. ಮೇಲಿನ ಅಂಚಿನಲ್ಲಿ ಒಳಗಡೆ ಸಿಲಿಕೋನ್ ಪಟ್ಟಿ ಇರುತ್ತದೆ, ಅದು ಒಣ ಚರ್ಮಕ್ಕೆ ಅಂಟಬೇಕು. ಅಂದಹಾಗೆ ಕಾಲಿಗೆಲ್ಲ ಎಣ್ಣೆಯೋ ಲೋಷನ್ನೋ ಹಚ್ಚಿಕೊಂಡು ಆಮೇಲೆ 'ಈ ವಾರ್ಮರ್ ನಿಲ್ಲೋದೇ ಇಲ್ಲ' ಅಂತ ಬೈದರೆ ಅದೇನು ಮಾಡೀತು? ಹಿಮ್ಮಡಿಯ ಜಿಪ್ ಇದ್ದರೆ ಅದು ಹೊರಬದಿಗೆ ಬರಲಿ, ಒಳಬದಿಗೆ ಬಂದರೆ ಪೆಡಲಿನ ತೋಳಿಗೆ ಉಜ್ಜುತ್ತದೆ. ಎಡ-ಬಲ ಗುರುತು ಇದ್ದರೆ ಅದನ್ನು ನೋಡಿ ಹಾಕಿ, ಮೊಣಕಾಲಿನ ಬಳಿ ಮೊದಲೇ ಬಾಗಿಸಿ ಹೊಲಿದಿರುತ್ತಾರೆ, ಅದಲು ಬದಲಾದರೆ ಹಿಂಬದಿಯಲ್ಲಿ ನೆರಿಗೆ ಬೀಳುತ್ತದೆ.

ಖರ್ಚು ಬೇಡ ಅನ್ನುವವರಿಗೂ ದಾರಿ ಇದೆ. ಹಳೆಯ ಉಲ್ಲನ್ ಸ್ವೆಟರಿನ ತೋಳು ಕತ್ತರಿಸಿ, ಅಂಚು ಮಡಚಿ ಹೊಲಿದು, ಮೇಲ್ಗಡೆ ಎಲಾಸ್ಟಿಕ್ ಹಾಕಿದರೆ ನೀ ವಾರ್ಮರ್ ರೆಡಿ. ನೋಡೋಕೆ ಅಷ್ಟೇನೂ ಚೆಂದ ಇರಲ್ಲ. ಎಲಾಸ್ಟಿಕ್ ತೀರಾ ಬಿಗಿಯಾಗಿರಬಾರದು, ತೆಗೆದ ಮೇಲೆ ತೊಡೆಯ ಮೇಲೆ ಆಳವಾದ ಗೆರೆ ಉಳಿದರೆ ರಕ್ತ ಓಡಾಟಕ್ಕೆ ತೊಂದರೆ ಅಂತ ಅರ್ಥ, ಸಡಿಲ ಮಾಡಿ.

ಹಂತ 3: ಟೈಟ್ಸ್ ಆರಿಸುವಾಗ

10 ಡಿಗ್ರಿಗಿಂತ ಕೆಳಗೆ ಟೈಟ್ಸ್ ಹೆಚ್ಚು ಅನುಕೂಲ. ಇದರಲ್ಲಿ ಎರಡು ಬಗೆ: ಕೂರುವ ಜಾಗದಲ್ಲಿ ಪ್ಯಾಡ್ ಇರುವುದು, ಇಲ್ಲದ್ದು. ಪ್ಯಾಡ್ ಇರುವುದನ್ನು ನೇರ ಮೈಮೇಲೆ ಹಾಕಬೇಕು, ಒಳಚಡ್ಡಿ ಬೇಡ. ಪ್ಯಾಡ್ ಇಲ್ಲದ್ದನ್ನು ಸೈಕಲ್ ಚಡ್ಡಿಯ ಮೇಲೆ ಹಾಕಬೇಕು. ಪ್ಯಾಡ್ ಮೇಲೆ ಪ್ಯಾಡ್ ಮಾತ್ರ ಯಾವತ್ತೂ ಬೇಡ, ಒಂದರ ಮೇಲೊಂದು ಜರುಗಿ ತೊಡೆಸಂದು ಉರಿ ಕಿತ್ತುಕೊಳ್ಳುತ್ತದೆ. ಓಡುವವರ ಟೈಟ್ಸ್ ಮನೆಯಲ್ಲಿದ್ದರೆ ಅದನ್ನೇ ಸೈಕಲ್ ಚಡ್ಡಿ ಮೇಲೆ ಏರಿಸಿ, ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸೀಟಿಗೆ ತಾಗುವ ಜಾಗದಲ್ಲಿ ದಪ್ಪ ಹೊಲಿಗೆ ಇಲ್ಲದಿದ್ದರೆ ಸಾಕು.

ಇಲ್ಲಿ ಗಾಳಿಯ ವಿಷಯ ಮತ್ತೆ ಬರುತ್ತದೆ. ಒಳ್ಳೆಯ ಟೈಟ್ಸಿನಲ್ಲಿ ತೊಡೆಯ ಮುಂಭಾಗಕ್ಕೂ ಮೊಣಕಾಲಿಗೂ ಗಾಳಿ ತೂರದ ಬಟ್ಟೆ ಇರುತ್ತದೆ, ಹಿಂಭಾಗದಲ್ಲಿ ಬೆವರು ಹೊರಹೋಗುವ ತೆಳು ಬಟ್ಟೆ. ಸುತ್ತಲೂ ಗಾಳಿ ತಡೆಯುವ ಪ್ಯಾಂಟು ಹಾಕಿದರೆ ಮೊದಲ ಏರಿನಲ್ಲೇ ಒಳಗೆಲ್ಲ ಒದ್ದೆ. ಒದ್ದೆಯಾದರೆ ಚಳಿ ಇನ್ನೂ ಜಾಸ್ತಿ, ಯಾಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕಾಟನ್ ಪೈಜಾಮ, ಜೀನ್ಸ್ ಇವೆಲ್ಲ ಚಳಿಯಲ್ಲಿ ಕೈಕೊಡುವುದು ಇದಕ್ಕೇ: ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತವೆ, ಬೇಗ ಒಣಗುವುದಿಲ್ಲ. ಪಾಲಿಯೆಸ್ಟರ್ ಕಡಿಮೆ ನೀರು ಹಿಡಿಯುತ್ತದೆ. ಉಲ್ಲನ್ ಒದ್ದೆಯಾದರೂ ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ.

ಆಫೀಸಿಗೋ ಕಾಲೇಜಿಗೋ ಸೈಕಲ್ಲಿನಲ್ಲಿ ಹೋಗುವವರು ಇಷ್ಟೆಲ್ಲ ಮಾಡಬೇಕಿಲ್ಲ. ಮಾಮೂಲಿ ಪ್ಯಾಂಟಿನ ಮೇಲೆ ಮಳೆಗೆ ಹಾಕುವ ತೆಳು ಪ್ಯಾಂಟು ಏರಿಸಿ, ಗಾಳಿ ನಿಂತುಹೋಗುತ್ತದೆ, ತಲುಪಿದ ಮೇಲೆ ಬಿಚ್ಚಿ ಬ್ಯಾಗಿಗೆ ಹಾಕಿ. ಹದಿನೈದು ಇಪ್ಪತ್ತು ನಿಮಿಷದ ದಾರಿಗೆ ಬೆವರಿನ ಚಿಂತೆ ಅಷ್ಟಿಲ್ಲ. ಚೈನಿನ ಕಡೆಯ ಕಾಲಿಗೆ ಒಂದು ಪಟ್ಟಿ ಕಟ್ಟುವುದನ್ನು ಮರೆಯಬೇಡಿ.

ಹಂತ 4: ಪಾದ

ಕಾಲ್ಬೆರಳು ಮರಗಟ್ಟಿತು ಅಂದ ತಕ್ಷಣ ಎಲ್ಲರೂ ಮಾಡುವುದು ಎರಡು ಜೊತೆ ಸಾಕ್ಸ್ ಹಾಕುವುದು. ಶೂ ಅಷ್ಟೇ ಇರುವುದರಿಂದ ಒಳಗೆ ಬಿಗಿಯಾಗಿ ರಕ್ತ ಓಡಾಟ ಇನ್ನೂ ಕಡಿಮೆಯಾಗುತ್ತದೆ, ಬೆಚ್ಚಗೆ ಹಿಡಿದಿಡಬೇಕಾದ ಗಾಳಿಯ ಪದರವೂ ಹೋಗುತ್ತದೆ. ಒಂದೇ ಜೊತೆ ಉಲ್ಲನ್ ಸಾಕ್ಸ್, ಬೆರಳು ಆಡಿಸಲು ಜಾಗ, ಶೂ ಮೇಲೆ ಒಂದು ಹೊದಿಕೆ. ಕ್ರಮ ಇದು. ಗಾಳಿಯಾಡಲು ತೂತು ಇರುವ ಶೂ ಆದರೆ ಮುಂದಿನ ತೂತುಗಳಿಗೆ ಟೇಪ್ ಅಂಟಿಸಿ. ಶೂ ಕವರ್ ಇಲ್ಲದ ದಿನ ಸಾಕ್ಸ್ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ ಶೂ ಹಾಕುವ ಉಪಾಯವೂ ನಡೆಯುತ್ತದೆ, ಒಂದು ಗಂಟೆಯ ಮಟ್ಟಿಗೆ. ಆಮೇಲೆ ಒಳಗೆ ಬೆವರು ತುಂಬುತ್ತದೆ. ರಸ್ತೆ ಒದ್ದೆಯಿದ್ದರೆ ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇರಲಿ, ಪಾದಕ್ಕೆ ನೀರು ಎರಚುವುದು ಆ ಚಕ್ರವೇ.

ಹಂತ 5: ಕಾಲಿನ ಚಳಿಗೆ ಎದೆಯನ್ನೂ ನೋಡಿ

ಇದು ವಿಚಿತ್ರ ಅನ್ನಿಸಬಹುದು. ಎದೆ, ಹೊಟ್ಟೆ ತಣ್ಣಗಾದರೆ ದೇಹ ಕೈಕಾಲಿನ ಚರ್ಮಕ್ಕೆ ಹೋಗುವ ರಕ್ತನಾಳಗಳನ್ನು ಕಿರಿದು ಮಾಡಿ, ಬಿಸಿಯನ್ನು ಒಳಗಿನ ಅಂಗಗಳಿಗೆ ಉಳಿಸಿಕೊಳ್ಳುತ್ತದೆ. ಬೆರಳುಗಳು ಮೊದಲು ಬಲಿ. ಹಾಗಾಗಿ ಎಷ್ಟೇ ಒಳ್ಳೆ ಸಾಕ್ಸ್ ಹಾಕಿದರೂ ಮೇಲೆ ತೆಳು ಜರ್ಸಿ ಒಂದೇ ಇದ್ದರೆ ಕಾಲು ತಣ್ಣಗೇ ಇರುತ್ತದೆ. ಒಳಗೆ ಬೆವರು ಎಳೆಯುವ ಬನಿಯನ್, ಮೇಲೆ ಗಾಳಿ ತಡೆಯುವ ಜಿಲೇಟ್ (ತೋಳಿಲ್ಲದ ಜಾಕೆಟ್), ಕುತ್ತಿಗೆಗೆ ಒಂದು ಬಟ್ಟೆ. ಭುಜಕ್ಕೆ ಪಟ್ಟಿ ಇರುವ ಬಿಬ್ ಟೈಟ್ಸ್ ಆದರೆ ಸೊಂಟದ ಹಿಂದೆ ಬಟ್ಟೆ ಸರಿದು ಗಾಳಿ ನುಗ್ಗುವ ರಗಳೆಯೂ ಇಲ್ಲ.

ಹಂತ 6: ತುಳಿಯುವ ರೀತಿ

ಮೊದಲ ಹತ್ತು ಹದಿನೈದು ನಿಮಿಷ ಸುಲಭದ ಗೇರಿನಲ್ಲಿ, ಬೇಗ ಬೇಗ, ಹಗುರವಾಗಿ ತುಳಿಯಿರಿ. ತಣ್ಣಗಿನ ಮೊಣಕಾಲಿಗೆ ಭಾರದ ಗೇರ್ ಹಾಕಿ ಎದ್ದು ನಿಂತು ತುಳಿಯುವುದು ನೋವನ್ನು ಕರೆದು ಕೂರಿಸಿದಂತೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೆ ಬಟ್ಟೆ ಸರಿಯಾಗಿದೆ. ಮನೆ ಬಾಗಿಲಲ್ಲೇ ಬೆಚ್ಚಗಿದ್ದರೆ ಅರ್ಧ ಗಂಟೆಯಲ್ಲಿ ಬೆವರುತ್ತೀರಿ. ದಾರಿ ನಿಮ್ಮ ಕೈಯಲ್ಲಿದ್ದರೆ ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ ಸಿಗುವ ಹಾಗೆ ಹೊರಡಿ. ಬೆವರಿದ ಮೈಗೆ ಎದುರುಗಾಳಿ ಬೀಳುವುದು ತಪ್ಪುತ್ತದೆ.

ನಿಜವಾದ ಪರೀಕ್ಷೆ ಇಳಿಜಾರು. ಏರುವಾಗ ಬಿಸಿ ಜಾಸ್ತಿ, ಗಾಳಿ ಕಡಿಮೆ. ಇಳಿಯುವಾಗ ತುಳಿಯುವುದೇ ಇಲ್ಲ, ಬಿಸಿ ಹುಟ್ಟುವುದು ನಿಂತಿತು, ಗಾಳಿ ಎರಡು ಮೂರು ಪಟ್ಟು ಆಯಿತು. 1988ರ ಜೂನ್ 5ರಂದು ಇಟಲಿಯಲ್ಲಿ ಹಲವು ದಿನ ನಡೆಯುವ ಜಿರೋ ಸೈಕಲ್ ರೇಸು 2,600 ಮೀಟರಿಗಿಂತ ಎತ್ತರದ ಗಾವಿಯಾ ಘಾಟಿಯನ್ನು ಹಿಮ ಸುರಿಯುವಾಗ ದಾಟಿತು. ನೆದರ್ಲೆಂಡ್ಸಿನ ಯೋಹಾನ್ ವಾನ್ ಡರ್ ವೆಲ್ಡೆ ಅರ್ಧ ತೋಳಿನ ಜರ್ಸಿಯಲ್ಲೇ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದರು. ಇಳಿಯುವ ದಾರಿಯಲ್ಲಿ ಚಳಿ ತಡೆಯಲಾಗದೆ ನಿಂತು ಮೈ ಕಾಯಿಸಿಕೊಳ್ಳಬೇಕಾಯಿತು, ಗುರಿ ತಲುಪುವಾಗ 46 ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ಅಮೆರಿಕದ ಆಂಡಿ ಹ್ಯಾಂಪ್‌ಸ್ಟನ್ ಅವರ ತಂಡ ಬೆಚ್ಚಗಿನ ಬಟ್ಟೆಗಳನ್ನು ಮೊದಲೇ ಹೊಂದಿಸಿಟ್ಟಿತ್ತು. ಅವರು ಆ ದಿನ ಎರಡನೆಯವರಾಗಿ ಬಂದರು, ಕೊನೆಗೆ ಆ ವರ್ಷದ ಜಿರೋ ಗೆದ್ದರು. ಅಷ್ಟು ಎತ್ತರ ನಮಗೆ ಬೇಡ, ಕೆಲಸ ಮಾತ್ರ ಅದೇ: ತುದಿಯಲ್ಲಿ ಒಂದು ನಿಮಿಷ ನಿಲ್ಲಿ, ಜಿಪ್ ಎಳೆಯಿರಿ, ಇಳಿಸಿಕೊಂಡಿದ್ದ ವಾರ್ಮರ್ ಮೇಲೇರಿಸಿ, ಆಮೇಲೆ ಇಳಿಯಿರಿ. ಇಳಿಯುವಾಗಲೂ ಕಾಲನ್ನು ಸುಮ್ನೆ ಬಿಡದೆ ನಿಧಾನಕ್ಕೆ ಸುತ್ತಿಸುತ್ತಿರಿ.

ಉರಿ ಮುಲಾಮು ಹಚ್ಚಬಹುದೇ?

ಕಾಲು ಮುಚ್ಚದೆ ರೇಸ್ ಮಾಡುವವರು ಹಚ್ಚಿಕೊಳ್ಳುವ ಮುಲಾಮಿನಲ್ಲಿ ಹೆಚ್ಚಾಗಿ ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಇರುತ್ತದೆ. ಅದು ಚರ್ಮದಲ್ಲಿ ಬಿಸಿಯನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ, ಹಾಗಾಗಿ ಬೆಚ್ಚಗೆ ಅನ್ನಿಸುತ್ತದೆ. ಒಳಗಿನ ಸ್ನಾಯು ಅದರಿಂದ ಬಿಸಿಯಾಗುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ. ನನ್ನ ಪ್ರಕಾರ ವಾರ್ಮರ್ ಇದ್ದವರಿಗೆ ಇದು ಬೇಡ. ಹಚ್ಚಲೇಬೇಕು ಅಂದರೆ ಮೊದಲು ಚಡ್ಡಿ ಹಾಕಿ, ಆಮೇಲೆ ಮುಲಾಮು ಹಚ್ಚಿ, ಸೋಪಿನಲ್ಲಿ ಕೈ ತೊಳೆಯಿರಿ. ಕ್ರಮ ತಿರುಗಿದರೆ ಎಲ್ಲೆಲ್ಲಿ ಉರಿಯುತ್ತದೆ ಅಂತ ನಾನು ಬರೆಯುವುದಿಲ್ಲ. ಬಿಸಿನೀರಿನ ಸ್ನಾನದಲ್ಲಿ ಆ ಉರಿ ಮತ್ತೆ ಎದ್ದೇಳುತ್ತದೆ, ಅದಕ್ಕೂ ತಯಾರಿರಿ. ಟೈಟ್ಸ್ ಒಳಗೆ ಹಚ್ಚುವುದಂತೂ ಬೇಡ.

ಹಂತ 7: ಮನೆಗೆ ಬಂದ ಮೇಲೆ

ಫೋನ್ ನೋಡುತ್ತಾ ಒದ್ದೆ ಬಟ್ಟೆಯಲ್ಲೇ ಕೂರಬೇಡಿ. ಮೊದಲು ಸಾಕ್ಸ್, ಟೈಟ್ಸ್ ಬದಲಿಸಿ. ಬೆರಳು ಮರಗಟ್ಟಿದ್ದರೆ ಉಜ್ಜಬೇಡಿ, ಬೆಂಕಿಗೋ ಹೀಟರಿಗೋ ಹತ್ತಿರ ಹಿಡಿಯಬೇಡಿ, ಸ್ಪರ್ಶ ಇಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಒಣ ಸಾಕ್ಸ್ ಹಾಕಿ, ಕಂಬಳಿ ಹೊದ್ದು ತಾನಾಗಿ ಬಿಸಿಯಾಗಲು ಬಿಡಿ. ಚರ್ಮ ಬಿಳಿಚಿ ಗಟ್ಟಿಯಾಗಿದ್ದರೆ, ಬೆಚ್ಚಗಾದ ಮೇಲೂ ಸ್ಪರ್ಶ ಬಾರದಿದ್ದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ಚಳಿಯಲ್ಲಿ ಹೊರಡುವ ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು.

ಟೈಟ್ಸ್, ವಾರ್ಮರುಗಳನ್ನು ಒಳಮೇಲು ಮಾಡಿ ತಣ್ಣೀರಿನಲ್ಲಿ ಒಗೆಯಿರಿ. ಬಟ್ಟೆ ಮೃದುವಾಗಲಿ ಅಂತ ಹಾಕುವ ಸಾಫ್ಟ್‌ನರ್ ಬೇಡ, ಅದು ಬೆವರು ಎಳೆಯುವ ಗುಣವನ್ನೂ ನೀರು ಜಾರಿಸುವ ಲೇಪವನ್ನೂ ಕೆಡಿಸುತ್ತದೆ. ಹಿಂಡದೆ ನೆರಳಿನಲ್ಲಿ ಒಣಗಿಸಿ. ಸಿಲಿಕೋನ್ ಪಟ್ಟಿ ಹಿಡಿತ ಬಿಟ್ಟಿದೆ ಅನ್ನಿಸಿದರೆ ಎಸೆಯುವ ಮೊದಲು ಸೋಪು ನೀರಿನಲ್ಲಿ ಬೆರಳಿನಿಂದ ಉಜ್ಜಿ ನೋಡಿ, ಹೆಚ್ಚಿನ ಸಲ ಅಲ್ಲಿ ಎಣ್ಣೆ, ಬೆವರು ಕೂತಿರುತ್ತದೆ ಅಷ್ಟೇ.