ಕಡಿಮೆ ಖರ್ಚಲ್ಲಿ ಜಿಪ್ಸಿ ಎತ್ತರಿಸಿದ್ದು

ಚಿಂಚೋಳಿ ಕಡೆ ತೊಗರಿ ಹೊಲದ ದಾರಿಯಲ್ಲಿ ನನ್ನ ಹಳೆ ಮಾರುತಿ ಜಿಪ್ಸಿಯ ಆಕ್ಸಲ್ ಗುಂಡಿ ಗುಂಡಿಗೂ ಬಂಪ್ ರಬ್ಬರಿಗೆ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ಬಡಿಯುತ್ತಿತ್ತು. ಗಾಡಿ ಎತ್ತರಿಸಲು ಮೊದಲು ಉದ್ದದ ಶ್ಯಾಕಲ್ (ಸ್ಪ್ರಿಂಗ್ ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿದೆ. 2 ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು 1 ಇಂಚು, ಮೇಲಾಗಿ ಮುಂದಿನ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಚ್ಚು ಹಿಂದೆ ವಾಲಿರುವ ಕೋನ) ಕೆಟ್ಟು ಸ್ಟೇರಿಂಗ್ ಅತ್ತಿತ್ತ ಎಳೆಯಿತು. ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿದರೂ ಎತ್ತರ ಬರಲಿಲ್ಲ. ಭಾರ ಹೊರೋದು ಪಟ್ಟಿ ಅಲ್ವಾ.

ಕೊನೆಗೆ ಕಲಬುರಗಿಯಲ್ಲಿ ಲಾರಿ ಪಟ್ಟಿ ಕೆಲಸದವರ ಹತ್ತಿರ ಹಳೆ ಪಟ್ಟಿಗೆ ಮತ್ತೆ ಕಮಾನು ಕೊಡಿಸಿ, ಮುಖ್ಯ ಪಟ್ಟಿಯ ಕೆಳಗೆ ಇನ್ನೊಂದು ಸೇರಿಸಿದೆ. ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಮಾತ್ರ ಹೊಸದೇ ಹಾಕಿ. ಶಾಕ್ ಕೊಳ್ಳುವ ಮೊದಲು ಚಕ್ರ ಪೂರ್ತಿ ಜೋತುಬಿಟ್ಟು ಒಮ್ಮೆ, ಆಕ್ಸಲ್ ಬಂಪ್ ರಬ್ಬರಿಗೆ ತಾಗಿಸಿ ಒಮ್ಮೆ, ಶಾಕ್ ಕೂರುವ ಎರಡು ತುದಿಗಳ ನಡುವಿನ ಉದ್ದ ಅಳೆಯಿರಿ. ಚಕ್ರ ಜೋತಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಳ್ಳುತ್ತದೆಯೇ ನೋಡಿ. ಶ್ಯಾಕಲ್ ಬೋಲ್ಟ್ ಪೂರ್ತಿ ಬಿಗಿಯುವುದು ಚಕ್ರ ನೆಲಕ್ಕೆ ಇಳಿದ ಮೇಲೆಯೇ. ಜ್ಯಾಕ್ ಮೇಲೆ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. 100 ಕಿ.ಮೀ. ಓಡಿಸಿ ಯು ಬೋಲ್ಟ್ ಮತ್ತೆ ಬಿಗಿಯಿರಿ.