ನುಡಿ ಫೈಲ್‌ಗಳನ್ನು ಬಿಡದೆ ಲಿನಕ್ಸ್‌ಗೆ ಬಂದದ್ದು: ನನ್ನ ಅನುಭವ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಹ್ಯಾಂಡ್‌ಬಿಲ್ಲು ಇವೇ ಕೆಲಸ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಹತ್ತಿರ ಬಂತೆಂದರೆ ರಾತ್ರಿ ಹನ್ನೊಂದಾದರೂ ಬಾಗಿಲು ಹಾಕಲು ಆಗುವುದಿಲ್ಲ. ಎಲ್ಲವನ್ನೂ ಮಾಡುವುದು ಪುಟ ವಿನ್ಯಾಸದ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ. ಎರಡೂ ವಿಂಡೋಸ್ ಮೇಲೆ ನಡೆಯುವಂಥವು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲುತ್ತದೆ ಎಂದಾಗ ನನಗೆ ಚಿಂತೆ ಹತ್ತಿತು. ನನ್ನ ಮಷಿನ್ ಆರನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲಾ ನನ್ನ ಮಷಿನ್ ಮೇಲೆ ಬಂದು ಹೋಗುತ್ತವೆ. ಅಪ್‌ಡೇಟ್ ಇಲ್ಲದ ಕಂಪ್ಯೂಟರನ್ನು ದಿನವಿಡೀ ನೆಟ್‌ಗೆ ಹಚ್ಚಿ ಕೂಡುವುದು ಅವರಿಗೆ ಮಾಡುವ ಅನ್ಯಾಯ ಅಲ್ವಾ?

ಹಾಗಂತ ವಿಂಡೋಸ್ ಪೂರ್ತಿ ಬಿಡಲು ಬರುವುದಿಲ್ಲ. ನುಡಿಯ ಹಳೆಯ ಫಾಂಟ್‌ನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಡೆ ತೆಗೆದು ನೋಡಿದವರಿಗೆ ಗೊತ್ತು. ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕೆ, ಓರೆಗೆರೆ. ಕಂಪ್ಯೂಟರ್ ಒಳಗೆ ಅದು ಕನ್ನಡವೇ ಅಲ್ಲ, ಫಾಂಟ್ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಹದಿನೈದು ವರ್ಷದ ಕೆಲಸ ಹಾಗೆ ಕೂತಿದೆ. ಅದಕ್ಕೇ ಎರಡನ್ನೂ ಇಟ್ಟುಕೊಳ್ಳಲು ನಿರ್ಧರಿಸಿದೆ. ವಿಂಡೋಸ್ ನುಡಿ, ಪೇಜ್‌ಮೇಕರ್‌ಗೆ ಮಾತ್ರ, ನೆಟ್ ಇಲ್ಲದೆ. ನೆಟ್, ಇಮೇಲ್, ವಾಟ್ಸಾಪ್, ಗಿರಾಕಿಗಳ ಪೆನ್‌ಡ್ರೈವ್ ಎಲ್ಲಾ ಲಿನಕ್ಸ್ ಮಿಂಟ್‌ನಲ್ಲಿ, ಅಂದರೆ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶದಲ್ಲಿ. ವಿಂಡೋಸ್‌ನ್ನು ಲಿನಕ್ಸ್ ಒಳಗೇ ವರ್ಚುವಲ್ ಮಷಿನ್ ಮಾಡಿ ಓಡಿಸಬಹುದಿತ್ತು. 8 ಜಿಬಿಯನ್ನು ಇಬ್ಬರಿಗೆ ಹಂಚಿದರೆ ಎರಡೂ ಕುಂಟುತ್ತವೆ ಅನ್ನಿಸಿ ಬಿಟ್ಟೆ.

ಕೆಲಸಕ್ಕೆ ಕೂತದ್ದು ಸೆಪ್ಟೆಂಬರ್‌ನಲ್ಲಿ, ಪಕ್ಷಮಾಸದಲ್ಲಿ. ಆಗ ಲಗ್ನ ಇರುವುದಿಲ್ಲ, ಪತ್ರಿಕೆ ಕೇಳಿಕೊಂಡು ಯಾರೂ ಬರುವುದಿಲ್ಲ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಫೋನಿನಲ್ಲಿ ಮೊದಲು ಹೇಳಿದ್ದು ಒಂದೇ ಮಾತು: “ಮಾಮಾ, ಮೊದಲ ಎಲ್ಲಾ ಫೈಲ್ ಬ್ಯಾರೆ ಹಾರ್ಡ್‌ಡಿಸ್ಕಿಗೆ ಹಾಕ್ಕೋರಿ. ಆಮ್ಯಾಲ ಮುಂದಿನ ಮಾತು.” 1 ಟಿಬಿ ಡಿಸ್ಕ್ ತಂದು ಕಾಪಿ ಮಾಡಿದೆ. ಕಾಪಿ ಆಯಿತೆಂದು ಸುಮ್ಮನಾಗಲಿಲ್ಲ. ಮನೆಯ ಲ್ಯಾಪ್‌ಟಾಪ್‌ಗೆ ಹಚ್ಚಿ, ನಾಲ್ಕೈದು ಬೇರೆ ಬೇರೆ ವರ್ಷಗಳ ಒಂದೊಂದು ಫೈಲ್ ತೆಗೆದು ನೋಡಿದೆ. ಈ ಹೆಜ್ಜೆಯನ್ನು ದಾಟಿ ಮುಂದೆ ಹೋಗಬೇಡಿ.

ಆಮೇಲೆ ಪೆನ್‌ಡ್ರೈವ್‌ಗೆ ಮಿಂಟ್ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಎರಡು ದಿನ ಓಡಿಸಿದೆ. ವೈಫೈ, ಸೌಂಡ್, ಸ್ಕ್ಯಾನರ್ ಸರಿ ಇದ್ದವು. ನನ್ನ ಹಳೆ ಲೇಸರ್ ಪ್ರಿಂಟರ್ ಮಾತ್ರ ಕೇಳಲಿಲ್ಲ. ಪ್ರಿಂಟ್ ಕೆಲಸ ವಿಂಡೋಸ್‌ನಲ್ಲೇ ಇರಲಿ ಎಂದು ಆಗಲೇ ಗೊತ್ತಾದದ್ದು ಒಳ್ಳೆಯದಾಯಿತು.

ನಿಜವಾದ ಕಷ್ಟ ಜಾಗ ಬಿಡಿಸಿಕೊಳ್ಳುವುದು. 480 ಜಿಬಿ ಎಸ್‌ಎಸ್‌ಡಿ, ವಿಂಡೋಸ್ ಲೆಕ್ಕದಲ್ಲಿ ಸುಮಾರು 446 ಜಿಬಿ, ಎಲ್ಲವೂ ಒಂದೇ ಸಿ ಡ್ರೈವ್. 280 ಜಿಬಿಗಿಂತ ಜಾಸ್ತಿ ಖಾಲಿ ಇತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಶ್ರಿಂಕ್ ವಾಲ್ಯೂಮ್ ಒತ್ತಿದರೆ ಬರೀ 38 ಜಿಬಿ ಬಿಡುತ್ತೇನೆ ಅಂತು. ಕಾರಣ, ಅಲುಗಾಡದ ಫೈಲ್‌ಗಳು. ಹೊಲದ ನಡುವೆ ಬಂಡೆ ಇದ್ದಂತೆ, ಅದರಾಚೆ ಎಷ್ಟು ಜಾಗ ಇದ್ದರೂ ಬದು ಹಾಕಲು ಆಗುವುದಿಲ್ಲ. ಆ ಫೈಲ್‌ಗಳನ್ನು ತೆಗೆಯಲು ಹೈಬರ್ನೇಟ್ ಬಂದ್ ಮಾಡಿದೆ. ಸಿಸ್ಟಮ್ ಪ್ರೊಟೆಕ್ಷನ್ ಬಂದ್ ಮಾಡಿದೆ. ಪೇಜ್ ಫೈಲ್ ತೆಗೆದೆ. ರೀಸ್ಟಾರ್ಟ್ ಮಾಡಿ ಮತ್ತೆ ಕೇಳಿದಾಗ 260 ಜಿಬಿ ತೋರಿಸಿತು. ಅಲ್ಲಿ ಅಂಕಿಯನ್ನು ಎಂಬಿಯಲ್ಲಿ ಕೊಡಬೇಕು. ನಾನು 240 ಜಿಬಿಗೆ 245760 ಎಂದು ಹಾಕಿದೆ.

ಅದು ನಡೆಯುತ್ತಿರುವಾಗಲೇ ಕರೆಂಟ್ ಹೋಯಿತು. ಹಿಂದಿನ ವಾರವಷ್ಟೇ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೆ. ಪಕ್ಕದ ಮಾನಿಟರ್ ಆರಿಸಿ ಕೈ ಕಟ್ಟಿ ಕೂತೆ. ಡಿಸ್ಕ್ ಮೇಲೆ ಫೈಲ್‌ಗಳು ಜಾಗ ಬದಲಿಸುತ್ತಿರುವಾಗ ಮಷಿನ್ ಆರಿದರೆ ಏನಾದೀತು ಎಂಬುದು ಆ ಹತ್ತು ನಿಮಿಷ ತಲೆಯಿಂದ ಹೋಗಲಿಲ್ಲ. ನಮ್ಮ ಕಡೆ ಈ ಕೆಲಸಕ್ಕೆ ಕೂಡುವವರು ಯುಪಿಎಸ್ ಇಲ್ಲದೆ ಕೂಡಲೇಬಾರದು. ಲ್ಯಾಪ್‌ಟಾಪ್ ಆದರೆ ಪೂರ್ತಿ ಚಾರ್ಜ್ ಇರಲಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಮಾತು: ಬಿಟ್‌ಲಾಕರ್ ಎಂಬ ಡಿಸ್ಕಿನ ಬೀಗ ಹಾಕಿರಬಹುದು. ಅದರ 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಬಿಟ್ಟ ಜಾಗದಲ್ಲಿ 140 ಜಿಬಿಗೆ ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಮಾದರಿ) ಪಾರ್ಟಿಷನ್, ಅಂದರೆ ಡಿಸ್ಕಿನ ಪ್ರತ್ಯೇಕ ಭಾಗ ಮಾಡಿ ‘ಕೆಲಸ’ ಎಂದು ಹೆಸರಿಟ್ಟೆ. ಎರಡೂ ಕಡೆಯಿಂದ ಕಾಣುವ ಜಾಗ ಅದು. ಉಳಿದ 100 ಜಿಬಿ ಲಿನಕ್ಸ್‌ಗೆ. ಇನ್‌ಸ್ಟಾಲ್ ಮಾಡುವಾಗ ‘ಸಮ್‌ಥಿಂಗ್ ಎಲ್ಸ್’ ಆರಿಸಿ, ಖಾಲಿ ಜಾಗವನ್ನಷ್ಟೇ ಮುಟ್ಟಿದೆ. ಅಲ್ಲಿ 100 ಎಂಬಿಯ ಇಎಫ್‌ಐ ಪಾರ್ಟಿಷನ್ ಒಂದಿತ್ತು. ಅದು ಎರಡಕ್ಕೂ ತಲೆಬಾಗಿಲು, ಅದಕ್ಕೆ ಫಾರ್ಮ್ಯಾಟ್ ಟಿಕ್ ಬಿದ್ದಿಲ್ಲ ಎಂದು ಎರಡು ಸಲ ನೋಡಿದೆ. ಉಳಿದದ್ದು ಅರ್ಧ ಗಂಟೆಯ ಕೆಲಸ. ಈಗ ಮಷಿನ್ ಹಚ್ಚಿದರೆ ಗ್ರಬ್ ಮೆನು ಬರುತ್ತದೆ, ಬೇಕಾದದ್ದನ್ನು ಆರಿಸಿದರಾಯಿತು.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ವಿಂಡೋಸ್ ತೆಗೆದರೆ ಗಡಿಯಾರ ಐದೂವರೆ ತೋರಿಸಿತು. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ವಿಶ್ವ ಪ್ರಮಾಣ ಸಮಯ) ಎಂದು ಓದುತ್ತದೆ, ವಿಂಡೋಸ್ ನಮ್ಮ ಊರಿನ ಸಮಯ ಎಂದು ಓದುತ್ತದೆ. ನಮಗೂ ಯುಟಿಸಿಗೂ ಇರುವ ಅಂತರ ಸರಿಯಾಗಿ ಐದೂವರೆ ಗಂಟೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ಗೆ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಕೊಟ್ಟೆ. ಸರಿಹೋಯಿತು.

ದೊಡ್ಡ ತೊಂದರೆ ಬಂದದ್ದು ಘಟಸ್ಥಾಪನೆಯ ದಿನ. ಸಿಂದಗಿ ಕಡೆಯವರೊಬ್ಬರು ದೇವಿ ಪುರಾಣದ ಹ್ಯಾಂಡ್‌ಬಿಲ್ಲಿಗೆ ಬಂದಿದ್ದರು. ಲಿನಕ್ಸ್‌ನಲ್ಲಿ ಯುನಿಕೋಡ್‌ನಲ್ಲೇ (ಕಂಪ್ಯೂಟರ್ ಒಳಗೂ ಕನ್ನಡವಾಗೇ ಉಳಿಯುವ ಅಕ್ಷರ ಪದ್ಧತಿ) ಟೈಪ್ ಮಾಡಿ ‘ಕೆಲಸ’ದಲ್ಲಿ ಸೇವ್ ಕೊಟ್ಟೆ, ಆಗಲಿಲ್ಲ. ರೀಡ್ ಓನ್ಲಿ ಅಂತು. “ಅಣ್ಣಾರ, ಮೂರರ ಬಸ್ಸಿಗೆ ಹೋಗಬೇಕ್ರಿ, ಲಗೂನ ಕೊಡ್ರಿ” ಎಂದು ಅವರು ಬಾಗಿಲಲ್ಲೇ ನಿಂತಿದ್ದಾರೆ. ಸದ್ಯಕ್ಕೆ ಫೈಲನ್ನು ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲಿ ಇಟ್ಟೆ. ಪಿಡಿಎಫ್ ಮಾಡಿ ಪಕ್ಕದ ಅಂಗಡಿಗೆ ಕಳಿಸಿ ಪ್ರಿಂಟ್ ತೆಗೆಸಿ ಕೊಟ್ಟೆ.

ಸಂಜೆ ಕೂತು ಹುಡುಕಿದಾಗ ಕಾರಣ ಸಿಕ್ಕಿತು. ಜಾಗ ಬಿಡಿಸಿಕೊಂಡ ಮೇಲೆ ಬಂದ್ ಮಾಡಿದ್ದನ್ನೆಲ್ಲಾ ನಾನು ಮೊದಲಿನಂತೆ ಚಾಲೂ ಮಾಡಿದ್ದೆ. ಹೈಬರ್ನೇಟ್ ಜೊತೆ ಫಾಸ್ಟ್ ಸ್ಟಾರ್ಟ್‌ಅಪ್ ಕೂಡ ಮರಳಿ ಬಂದಿತ್ತು. ಅದು ಇದ್ದರೆ, ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಆರುವುದಿಲ್ಲ, ಅರ್ಧ ನಿದ್ದೆಯಲ್ಲಿ ಡಿಸ್ಕನ್ನು ಕೈಯಲ್ಲೇ ಹಿಡಿದಿರುತ್ತದೆ. ಫೈಲ್ ಕೆಡಬಾರದೆಂದು ಲಿನಕ್ಸ್ ಅಲ್ಲಿ ಬರೆಯುವುದಿಲ್ಲ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಪೂರ್ತಿ ಬಿಡುತ್ತದೆ. ಅಲ್ಲಿಯವರೆಗೆ ನಾನು ರೀಸ್ಟಾರ್ಟ್ ಮಾಡಿಯೇ ಅತ್ತಿಂದಿತ್ತ ಹೋಗುತ್ತಿದ್ದೆ, ಹಾಗಾಗಿ ಗೊತ್ತಾಗಿರಲಿಲ್ಲ. ಹಿಂದಿನ ರಾತ್ರಿ ಶಟ್‌ಡೌನ್ ಕೊಟ್ಟು ಮನೆಗೆ ಹೋಗಿದ್ದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟ್‌ಅಪ್ ಟಿಕ್ ತೆಗೆದೆ. ಮತ್ತೆ ಆ ತೊಂದರೆ ಬಂದಿಲ್ಲ. ವಿಂಡೋಸ್‌ನಲ್ಲಿ ದೊಡ್ಡದೇನಾದರೂ ಬದಲಿಸಿದರೆ ಆ ಟಿಕ್ ಮರಳಿ ಬಿದ್ದಿದೆಯಾ ಎಂದು ನೋಡುವುದು ರೂಢಿಯಾಗಿದೆ.

ಲಿನಕ್ಸ್‌ನಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಕೀಬೋರ್ಡ್. ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡರೆ ಕೆಜಿಪಿ ಎಂಬ ಕನ್ನಡ ಕೀಲಿ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಬೆರಳಿಗೆ ರೂಢಿಯಾದದ್ದೇ. ಹೊಸದಾಗಿ ಕಲಿಯುವುದೇನೂ ಇಲ್ಲ. ಗುಬ್ಬಿ, ನವಿಲು ಫಾಂಟ್‌ಗಳು ಸಿಕ್ಕವು. ಹಿಂದೆ ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಲು ನುಡಿಯ ಅಕ್ಷರ ಉಪಯೋಗಕ್ಕೆ ಬರುತ್ತಿರಲಿಲ್ಲ. ಈಗ ಟೈಪ್ ಮಾಡಿದ್ದೇ ಹುಡುಕಾಟಕ್ಕೂ ಆಗುತ್ತದೆ, ವಾಟ್ಸಾಪ್‌ಗೂ ಆಗುತ್ತದೆ.

ತುಳಸಿ ಲಗ್ನ ಮುಗಿದ ಮೇಲೆ ಹಳೆಯ ಗಿರಾಕಿಯೊಬ್ಬರು ಹಿರಿಮಗನ ಲಗ್ನಪತ್ರಿಕೆ ಹಿಡಿದು ಬಂದರು. 2011ರದು. ಕಿರಿಮಗನಿಗೂ ಹಾಗೇ ಬೇಕಂತೆ. ವಿಂಡೋಸ್‌ಗೆ ಹೋಗಿ ಪೇಜ್‌ಮೇಕರ್‌ನಲ್ಲಿ ಆ ಫೈಲ್ ತೆಗೆದೆ. ಹೆಸರು, ತಾರೀಖು ಬದಲಿಸಿ, ಪಿಡಿಎಫನ್ನು ‘ಕೆಲಸ’ದಲ್ಲಿ ಇಟ್ಟೆ. ಲಿನಕ್ಸ್‌ಗೆ ಬಂದು ಅವರ ಮಗನ ವಾಟ್ಸಾಪ್‌ಗೆ ಕಳಿಸಿದೆ. ಅವರು ಚಹಾ ಕುಡಿದು ಮುಗಿಸುವುದರೊಳಗೆ ಮಗ ಒಂದು ತಿದ್ದುಪಡಿ ಹೇಳಿ ಒಪ್ಪಿಗೆ ಕೊಟ್ಟ.

ಈಗ ಕೆಲಸ ಕಡಿಮೆ ಇರುವ ಮಧ್ಯಾಹ್ನಗಳಲ್ಲಿ ಹಳೆಯ ಫೈಲ್‌ಗಳ ಮಾತುಗಳನ್ನು ಒಂದೊಂದಾಗಿ ಯುನಿಕೋಡ್‌ಗೆ ಬದಲಿಸುತ್ತಿದ್ದೇನೆ. ಪ್ರಶ್ನೆಪತ್ರಿಕೆಗಳು ಮುಗಿದಿವೆ, ಲಗ್ನಪತ್ರಿಕೆಗಳು 2019ರವರೆಗೆ ಆಗಿವೆ.